ಏಕಾದಶಿ ಮಾಡುವ ನಾಯಿ

ನಮ್ಮ ಓಣಿಯವರ ಮೇಲೆ ನನಗೆ ಇನ್ನೂ ಸಿಟ್ಟಿದೆ. ಅದರಲ್ಲಿ ಅರ್ಧ ನನ್ನ ಮೇಲೇ. ವರದಕ್ಕನ ವಿಷಯವನ್ನು ಸಿಟ್ಟಿಲ್ಲದೆ ಹೇಳಲು ನನ್ನಿಂದಾಗದು.

ವರದಕ್ಕ ಹೊಸನಗರದ ಬಸ್‌ಸ್ಟ್ಯಾಂಡ್ ಹಿಂದಿನ ಓಣಿಯಲ್ಲಿ ರವಿಕೆ ಹೊಲಿಯುವವರು. ವಯಸ್ಸು ಐವತ್ತೆಂಟು. ಗಂಡ ತೀರಿಕೊಂಡ ವರ್ಷ ಏಕಾದಶಿ ಉಪವಾಸ ಹಿಡಿದರು. ದಶಮಿ ರಾತ್ರಿಯಿಂದ ದ್ವಾದಶಿ ಬೆಳಗಿನವರೆಗೆ ಮನೆಯಲ್ಲಿ ಅಕ್ಕಿ ಬೇಯುವುದಿಲ್ಲ. ಹಾಗಾಗಿ ಅವರ ನಾಯಿ ಬೋಳನಿಗೂ ಏನೂ ಇಲ್ಲ. ಮೊದಮೊದಲು ಅದು ಖಾಲಿ ತಟ್ಟೆ ನೆಕ್ಕಿ ಕೂಗುತ್ತಿತ್ತು. ಆಮೇಲೆ ಹೊಲಿಗೆ ಮಿಷನ್ನಿನ ಕೆಳಗೆ ತೆಪ್ಪಗೆ ಮಲಗುವುದನ್ನು ಕಲಿಯಿತು. ಇದನ್ನು ಕಂಡ ಅವರ ಮೈದುನ ಕೃಷ್ಣಪ್ರಸಾದ್, ನಾಯಿಯೂ ಏಕಾದಶಿ ಮಾಡುತ್ತದೆ ಎಂದು ವಿಡಿಯೋ ತೆಗೆದು ವಾಟ್ಸಾಪಿಗೆ ಬಿಟ್ಟರು. ತೀರ್ಥಹಳ್ಳಿಯಿಂದ ಬಟ್ಟೆ ತಂದವರು ಅಳತೆ ಕೊಡುವ ಮೊದಲು ನಾಯಿಯ ಜೊತೆ ಸೆಲ್ಫಿ ತೆಗೆದುಕೊಳ್ಳುತ್ತಿದ್ದರು. ಎಂಥಾ ಜನ!

ಹೋದ ವರ್ಷ ಬೋಳನಿಗೆ ಮೂರ್ಛೆ ಶುರುವಾಯಿತು. ಬಾಯಲ್ಲಿ ನೊರೆ ಕಂಡದ್ದೇ ತಡ, ಹುಚ್ಚು ನಾಯಿ, ಹೊಡೆದು ಹಾಕಿ ಎಂದರು, ಅದೇ ಸೆಲ್ಫಿಯವರು. ವರದಕ್ಕ ಇಸ್ತ್ರಿಪೆಟ್ಟಿಗೆ ಹಿಡಿದು ಬಾಗಿಲಿಗೆ ಅಡ್ಡ ನಿಂತರು. ನಾನು ಕೆಲಸ ಮಾಡುವ ಪಶುವೈದ್ಯರ ಕ್ಲಿನಿಕ್ಕಿಗೆ ಆಟೋದಲ್ಲಿ ತಂದರು. ಹುಚ್ಚಲ್ಲ, ಅಪಸ್ಮಾರ ಎಂದು ಡಾಕ್ಟರು ಎರಡು ಹೊತ್ತಿಗೂ ಮಾತ್ರೆ ಬರೆದರು. ಒಂದು ಹೊತ್ತೂ ತಪ್ಪಬಾರದು, ಊಟದ ಜೊತೆ ಕೊಡಿ ಎಂದು ನಾನು ಹೇಳಿದೆ. ಹೇಳಿದ್ದಷ್ಟೇ. ದಿನಾ ಊಟ ಹಾಕುತ್ತೀರಾ ಎಂದು ಕೇಳಲಿಲ್ಲ. ಆ ವಿಡಿಯೋ ನೋಡಿ ನಾನೂ ನಕ್ಕಿದ್ದೆ, ಆದರೂ ಹೊಳೆಯಲಿಲ್ಲ.

ಮಾತ್ರೆ ಹಿಡಿಯಿತು. ಆದರೆ ಹದಿನೈದು ದಿನಕ್ಕೊಮ್ಮೆ, ಏಕಾದಶಿ ಕಳೆಯುವಷ್ಟರಲ್ಲಿ, ಮೂರ್ಛೆ ಬಂದೇ ಬರುತ್ತಿತ್ತು. ಓಣಿಯವರು ಚೌಡಿಯ ಕಾಟ ಎಂದರು. ಇನ್ನೊಮ್ಮೆ ಜೋರಾಗಿ ಬಂದರೆ ಉಳಿಯುವುದು ಕಷ್ಟ ಎಂದರು ಡಾಕ್ಟರು.

ಒಂದು ಏಕಾದಶಿಯ ಬೆಳಿಗ್ಗೆ ಹೆಂಡತಿಯ ರವಿಕೆ ತರಲು ಹೋದೆ. ಬೋಳನ ಎದುರು ಫೋನು ಹಿಡಿದ ನಾಲ್ಕು ಜನ ಕೂತಿದ್ದರು. ಮಿಷನ್ನಿನ ಪಕ್ಕದಲ್ಲಿ ಹಳದಿ ವಾಂತಿ, ಅದರಲ್ಲಿ ಕರಗದ ಬಿಳಿ ಮಾತ್ರೆ. ರಾತ್ರಿಯದೂ ಹೀಗೇ ಕಕ್ಕಿತು, ಪ್ರತಿ ಏಕಾದಶಿಗೂ ಇದೇ ಕತೆ ಎಂದರು ವರದಕ್ಕ. ನನಗೆ ಮೈಯೆಲ್ಲ ಉರಿಯಿತು.

"ಹೊಟ್ಟೇಲಿ ನಿಂತ್ರೆ ತಾನೇ ವರದಕ್ಕ, ಮಾತ್ರೆ ತಲೆಗೆ ಹೋಗೋದು? ಉಪವಾಸ ಕೆಡವಿ ಕೆಡವಿ ನೀವೇ ಇದಕ್ಕೆ ಮೂರ್ಛೆ ತರಿಸ್ತಿದೀರಿ."

ವರದಕ್ಕ ಒಳಗೆ ಹೋಗಿ ಅಕ್ಕಿ ತೊಳೆದು ಒಲೆಗೆ ಇಟ್ಟರು. ಅನ್ನ ಆಗುವ ಮೊದಲೇ ಬೋಳ ಕಾಲು ಸೆಟೆದು ಬಿತ್ತು. ಈ ಸಲ ಮೂರ್ಛೆ ನಿಲ್ಲಲಿಲ್ಲ. ಕ್ಲಿನಿಕ್ಕು ಮುಟ್ಟುವ ಮೊದಲೇ, ಆಟೋದಲ್ಲಿ, ವರದಕ್ಕನ ಮಡಿಲಲ್ಲೇ ಹೋಯಿತು.

ಸಂಜೆ ಹಿತ್ತಿಲಲ್ಲಿ ಗುಂಡಿ ತೆಗೆದು ಬೋಳನನ್ನು ಇಳಿಸಿದೆವು. ಓಣಿಯೇ ನೆರೆದಿತ್ತು. ಏಕಾದಶಿಯ ದಿನವೇ ಪ್ರಾಣ ಬಿಟ್ಟ ಪುಣ್ಯಜೀವಿ, ಇಲ್ಲೊಂದು ಕಟ್ಟೆ ಕಟ್ಟಿಸೋಣ ಎನ್ನುತ್ತ ಕೃಷ್ಣಪ್ರಸಾದ್ ತೆಂಗಿನಕಾಯಿ ಒಡೆಯಲು ಹೊರಟರು. ವರದಕ್ಕ ಕಾಯಿಯನ್ನು ಅವರ ಕೈಯಿಂದ ಕಸಿದುಕೊಂಡರು.

"ಕಟ್ಟೆ ಬ್ಯಾಡ, ಎಂತದೂ ಬ್ಯಾಡ. ವ್ರತ ಮಾಡಿದ್ದು ಆನು. ಇದಕ್ಕೆ ಹಸಿವಾಗಿತ್ತು, ಅಷ್ಟೇಯ. ಅದು ಎನಗೆ ಗೊತ್ತಿತ್ತು. ನೀವೆಲ್ಲ ಹೊಗಳ್ತ್ರಿ ಹೇಳುವ ಆಸೆಗೆ ಅನ್ನ ಹಾಕಿದ್ದಿಲ್ಲೆ."

ಆಮೇಲೆ ತಾವೇ ಬಗ್ಗಿ ಎರಡೂ ಕೈಯಲ್ಲಿ ಮಣ್ಣು ಎಳೆಯತೊಡಗಿದರು.