ಮೇಷ್ಟ್ರ ಮನೆ ಬಾಗಿಲ ಮಹಿಷಾಸುರ

ಇವತ್ತು ದಟ್ಟಗಳ್ಳಿಯಲ್ಲಿ ಒಂದು ಮನೆ ಮುಂದೆ ಸ್ಕೂಟರ್ ನಿಲ್ಲಿಸಿಬಿಟ್ಟೆ. ಬಾಗಿಲ ಮೇಲೆ ನಾನು ಸ್ಕೂಲಿನಲ್ಲಿ ಮಾಡಿದ ಸೆರಾಮಿಕ್ ಮುಖವಾಡ ಇನ್ನೂ ನೇತಾಡುತ್ತಿತ್ತು!

ಅವತ್ತು ಡಿಸೈನ್ ಆರಿಸುವಾಗ ನಾನು ಚಾಮುಂಡಿ ಅಂದಿದ್ದೆ. "ನಿನ್ನ ಈ ಕಪ್ಪು ಬಣ್ಣಕ್ಕೆ ದೇವಿ ಯಾಕಮ್ಮ? ಮಹಿಷಾಸುರನ್ನ ಮಾಡು, ಕನ್ನಡಿ ನೋಡ್ಕೊಂಡೇ ಮಾಡ್ಬೋದು" ಅಂತ ಡ್ರಾಯಿಂಗ್ ಮೇಷ್ಟ್ರು ಕ್ಲಾಸನ್ನೆಲ್ಲ ನಗಿಸಿದರು.

ನಾನು ಕನ್ನಡಿ ನೋಡಲಿಲ್ಲ, ವಾರಪೂರ್ತಿ ಅವರನ್ನೇ ನೋಡಿದೆ. ಉಬ್ಬುಗಣ್ಣು, ಎಲೆಅಡಿಕೆಯ ಕೆಂಪು ಹಲ್ಲು, ಮೂಗಿನ ಪಕ್ಕದ ನರಹುಲಿ ಎಲ್ಲವನ್ನೂ ಜೇಡಿಮಣ್ಣಿಗಿಳಿಸಿ ಎರಡು ಕೊಂಬಿಟ್ಟೆ. ಯಾರ ಮುಖ ಅಂತ ಇಡೀ ಕ್ಲಾಸಿಗೆ ಗೊತ್ತಾಯಿತು, ಅವರೊಬ್ಬರನ್ನು ಬಿಟ್ಟು. "ಭಯಂಕರವಾಗಿದೆ ಕಣಮ್ಮ! ನಮ್ಮ ಹೊಸ ಮನೆಗೆ ದೃಷ್ಟಿಗೆ ಹಾಕ್ತೀನಿ" ಅಂತ ಎತ್ತಿಕೊಂಡು ಹೋದರು.

ಇವತ್ತು ಗೇಟಿಗೆ ಮೇಷ್ಟ್ರೇ ಬಂದರು. ನನ್ನ ಗುರುತು ಸಿಗಲಿಲ್ಲ. "ಯಾರು ಬೇಕಿತ್ತಮ್ಮ?"

"ಬಾಗಿಲ ಮೇಲೆ ನಿಮ್ಮ ಮುಖ ನೋಡಿ ನಿಂತೆ ಸರ್" ಅಂದೆ.

ಮೇಷ್ಟ್ರು ನಿಧಾನಕ್ಕೆ ತಲೆಯೆತ್ತಿದರು.