ಬೆಟ್ಟಕ್ಕೆ ಹೋದ ವ್ಯಾನು

ನನ್ನ ತವರು ನಾಗಮಂಗಲದ ಕಡೆ. ಅಲ್ಲಿ ನೀರಿಲ್ಲದ್ದಕ್ಕೆ ದೂರದಿಂದ ಹೊರುತ್ತಿದ್ದೆವು. ಪಾಂಡವಪುರ ತಾಲ್ಲೂಕಿನ ಈ ಊರಿಗೆ ಸೊಸೆಯಾಗಿ ಬಂದಾಗ, ಗದ್ದೆಯಂಚಿಗೇ ನಾಲೆ ಹರಿಯುವುದನ್ನು ನೋಡಿ, ಇನ್ನು ಕೊಡ ಹೊರುವುದು ತಪ್ಪಿತು ಅಂದುಕೊಂಡೆ. ತಪ್ಪಲಿಲ್ಲ. ನಾಲೆಯ ನೀರು ದನಕ್ಕೆ, ಬಟ್ಟೆಗೆ. ಕುಡಿಯುವುದಕ್ಕೆ ಊರಾಚೆಯ ಬಾವಿಯಿಂದಲೇ ಸೇದಿ ತರಬೇಕು. ಬೇಸಿಗೆಯಲ್ಲಿ ಅದರ ತಳ ಕೆರೆದು ಕೆರೆದು ಬಿಂದಿಗೆ ಸೊಟ್ಟಗಾಗುತ್ತಿತ್ತು.

ತೊಂಬತ್ತರ ದಶಕದ ಮೊದಮೊದಲಲ್ಲಿ ಮಂಡಲ ಪಂಚಾಯ್ತಿ ಹೋಗಿ ಗ್ರಾಮ ಪಂಚಾಯ್ತಿ ಬಂತು. ಪ್ರಧಾನರ ಬದಲು ಅಧ್ಯಕ್ಷರು ಬರುತ್ತಾರಂತೆ, ನಮ್ಮ ಪಂಚಾಯ್ತಿಗೆ ಈ ಸಲ ಹೆಂಗಸೇ ಅಂತೆ ಎಂದು ಸುದ್ದಿ ಹಬ್ಬಿತು. ನನ್ನ ವಾರಗಿತ್ತಿ ಚುನಾವಣೆಗೆ ನಿಂತಳು. ನಾನು ಅವಳನ್ನು ಅಕ್ಕ ಅನ್ನುತ್ತಿದ್ದೆ. ಅವಳ ಗಂಡ, ಅಂದರೆ ನಮ್ಮ ಭಾವ, ನಿಲ್ಲಿಸಿದರು ಅನ್ನುವುದೇ ಸರಿ. ಆದರೆ ಒಂದು ಸಲ ನಿಂತ ಮೇಲೆ ಅಕ್ಕ ತಾನಾಗಿಯೇ ನಿಂತಳು. ಕುಂಕುಮದ ಭರಣಿ ಹಿಡಿದು ಮನೆಮನೆಗೆ ಹೋದಳು. ಬೇರೆ ಭಾಷಣ ಇಲ್ಲ. ಬೀದಿ ಮೂಲೆಯಲ್ಲಿ ನಾಲ್ಕು ನಲ್ಲಿಯ ಸಿಮೆಂಟಿನ ತೊಂಬೆ ಕಟ್ಟಿಸುತ್ತೇನೆ, ಬಾವಿಗೆ ಹೋಗುವುದು ಬೇಡ ಅಂದಳು. ಅಷ್ಟೇ.

ನಮ್ಮೂರಿಗೆ ಇದ್ದದ್ದು ಎರಡು ಸ್ಥಾನ, ಅದರಲ್ಲಿ ಒಂದು ಹೆಂಗಸಿಗೆ. ಹಾಗಾಗಿ ಒಬ್ಬೊಬ್ಬರಿಗೂ ಎರಡೆರಡು ಓಟು. ಇಲ್ಲಿಯೇ ಊರಿಗೆ ಊರೇ ಎಡವಿದ್ದು. ಅಧ್ಯಕ್ಷಗಿರಿ ಹೆಂಗಸಿಗೆ, ಒಂದು ಓಟೂ ಹೆಂಗಸಿಗೆ. ಹಾಗಾದರೆ ಆ ಓಟೇ ಅಧ್ಯಕ್ಷರನ್ನು ಆರಿಸುವ ಓಟು ಎಂದು ಎಲ್ಲರೂ ತಿಳಿದರು. ಹಾಗೆಂದು ಯಾರೂ ಹೇಳಿರಲಿಲ್ಲ, ಅಲ್ಲವೆಂದೂ ಯಾರೂ ಹೇಳಲಿಲ್ಲ. ಊರ ಯಜಮಾನನನ್ನು ಕಟ್ಟೆಯ ಮೇಲೆ ಎಲ್ಲರೂ ಕೂತು ಒಪ್ಪಿ ಮಾಡುವವರಿಗೆ ಇದೂ ಹಾಗೆಯೇ ಕಂಡಿತು. ಗಂಡಸರ ಸ್ಥಾನಕ್ಕೆ ಜಗಳವಾಯಿತು, ಚೊಂಬು ಲೋಟ ಹಾರಾಡಿದವು. ಅಕ್ಕನಿಗೆ ಮಾತ್ರ ಎರಡು ಪಕ್ಷದವರೂ ಮುದ್ರೆ ಒತ್ತಿದರು. ಗೆದ್ದ ಮಾರನೆಯ ದಿನದಿಂದಲೇ ಹಾಲಿನ ಡೈರಿಯ ಹತ್ತಿರ ಅವಳ ಹೆಸರು ಅದ್ಯಕ್ಸಮ್ಮ. ಅಕ್ಕನೂ ಓಗೊಟ್ಟಳು.

ಆಮೇಲೆ ಒಂದು ಬೆಳಿಗ್ಗೆ ವ್ಯಾನು ಬಂತು. ನಮ್ಮ ಪಂಚಾಯ್ತಿಗೆ ಸೇರಿದ ದೊಡ್ಡೂರಿನ ಸಾಹುಕಾರರು ಕಳಿಸಿದ್ದು. ಬೇರೆ ಬೇರೆ ಊರಿನ ಗೆದ್ದ ಸದಸ್ಯರೆಲ್ಲ ಆಗಲೇ ಒಳಗೆ ಕೂತಿದ್ದರು. ಮುಂದಿನ ಸೀಟಿನಲ್ಲಿ ಸಾಹುಕಾರರ ಸೊಸೆ, ಅವಳೂ ಗೆದ್ದವಳೇ. ನಮ್ಮೂರಿನ ಇನ್ನೊಬ್ಬ ಸದಸ್ಯ ಬ್ಯಾಗು ಹಿಡಿದುಕೊಂಡು ಓಡಿ ಬಂದು ಹತ್ತಿಕೊಂಡ. ಎಲ್ಲರೂ ಮಾದಪ್ಪನ ಬೆಟ್ಟಕ್ಕೆ ಹೋಗಿಬರುವುದಂತೆ, ಅಕ್ಕನೂ ಬರಬೇಕಂತೆ. ಅಕ್ಕ ಕೊಟ್ಟಿಗೆಯಿಂದ ಕೈ ಒರೆಸಿಕೊಂಡು ಬಂದಳು.

"ನಮ್ಮ ಹಸ ಇವತ್ತೋ ನಾಳೆಯೋ ಈಯ್ತದೆ ಕಣಪ್ಪ. ನೀವ್ ಓಗ್ಬನ್ನಿ. ನಂಗೂ ಒಸಿ ಪ್ರಸಾದ ತನ್ನಿ" ಅಂದಳು.

ವ್ಯಾನಿನೊಳಗೆ ಯಾರೋ ನಕ್ಕರು. ಹೊರಟಿತು.

ಆ ನಗು ನನಗೆ ಸರಿಬರಲಿಲ್ಲ. ಅವತ್ತು ಅವರೆಕಾಯಿ ಸುಲಿಯುತ್ತಾ ಕೂತವಳು ಕಾಳಿನ ಪಾತ್ರೆಗೆ ಸಿಪ್ಪೆಯನ್ನು, ಸಿಪ್ಪೆಯ ಮೊರಕ್ಕೆ ಕಾಳನ್ನು ಹಾಕುತ್ತಿದ್ದೆ. ಎದ್ದು ಬಾಗಿಲಿಗೆ ಹೋಗುವುದು, ಮತ್ತೆ ಬಂದು ಕೂರುವುದು. ಇಷ್ಟು ಜನ ಗೆದ್ದವರು ಒಟ್ಟಿಗೆ ಯಾಕೆ ಹೋದರು, ಸಾಹುಕಾರರಿಗೆ ಈಗಲೇ ಯಾಕೆ ಭಕ್ತಿ ಬಂತು? ಭಾವನನ್ನು ಕೇಳಿದೆ. ಊರೇ ಒತ್ತಿರುವಾಗ ಯಾರು ಎಲ್ಲಿಗೆ ಹೋದರೇನು ಅಂದರು. ನಮ್ಮೆಜಮಾನರು ನಾಲೆ ನೀರು ತಿರುವುವ ಸರದಿ ಎಂದು ಗುದ್ದಲಿ ಎತ್ತಿಕೊಂಡು ಹೋದರು. ರಾತ್ರಿ ಹಸು ಈದು, ಹೆಣ್ಣುಗರುವಾಯಿತು. ಅಕ್ಕ ಗಿಣ್ಣು ಕಾಯಿಸಿ ಬೀದಿಗೆಲ್ಲ ಹಂಚಿದಳು. ಗಿಣ್ಣು ತಿಂದವರೆಲ್ಲ ತೊಂಬೆ ಯಾವ ಮೂಲೆಗೆ ಎಂದು ಕೇಳಿದರು. ಅಕ್ಕ ನನ್ನನ್ನು ಬೀದಿ ಮೂಲೆಗೆ ಕರೆದುಕೊಂಡು ಹೋಗಿ, ಕೆಳಗೆ ಕೊಡ ಇಡುವುದಕ್ಕೆ ನಲ್ಲಿ ಎಷ್ಟು ಎತ್ತರ ಇರಬೇಕೆಂದು ಗೋಡೆಗೆ ಕೈಯಿಟ್ಟು ನೋಡಿದಳು. ರಸ್ತೆಯಲ್ಲಿ ಯಾವ ಗಾಡಿ ಸದ್ದಾದರೂ ನನ್ನ ಕಿವಿ ಅತ್ತಲೇ. ವ್ಯಾನು ಬರಲಿಲ್ಲ.

ಅಧ್ಯಕ್ಷರ ಆಯ್ಕೆಗೆ ಗೊತ್ತುಮಾಡಿದ್ದ ದಿನ, ನಾವು ಊರಿನವರು ಟ್ರಾಕ್ಟರಿಗೆ ಬಾಳೆಕಂದು ಕಟ್ಟಿ, ಸೇವಂತಿಗೆ ಹಾರ ತಂದು, ದೊಡ್ಡೂರಿನ ಪಂಚಾಯ್ತಿ ಆಫೀಸಿಗೆ ಹೊರಟೆವು. ಸರ್ಟಿಫಿಕೇಟು ಕೊಡುವ ದಿನ ಎಂದೇ ನಮ್ಮ ಲೆಕ್ಕ. ನಾವು ಇಳಿಯುವುದಕ್ಕೂ ವ್ಯಾನು ಬರುವುದಕ್ಕೂ ಸರಿಹೋಯಿತು. ಒಬ್ಬೊಬ್ಬರೇ ಇಳಿದರು. ಗಂಡಸರದೆಲ್ಲ ಬೋಳುತಲೆ, ಮೇಲೆ ಗಂಧ. ನಮ್ಮೂರಿನ ಸದಸ್ಯನೂ ಬೋಳಾಗಿದ್ದ. ನಮ್ಮನ್ನು ಕಂಡು ಟವೆಲ್ಲು ಮುಚ್ಚಿಕೊಂಡ. ಪಕ್ಕದೂರಿನಿಂದ ಗೆದ್ದಿದ್ದ ಚಿಕ್ಕ ಪ್ರಾಯದ ಹೆಂಗಸೊಬ್ಬಳು ಅಕ್ಕನ ಹತ್ತಿರ ಬಂದು ಲಾಡು ಪ್ರಸಾದ ಕೈಗಿಟ್ಟಳು. ಅವಳ ಕಣ್ಣು ನೆಲದ ಮೇಲೆ.

"ಅಕ್ಕಾ, ಮಾದಪ್ಪನ ಮುಂದೆ ಆಣೆ ಇಕ್ಸವ್ರೆ. ನನ್ ಕೈಲಿ ಇನ್ನೇನೂ ಆಗಾಕಿಲ್ಲ" ಅಂದಳು.

ಅಕ್ಕನಿಗೆ ಆಗಲೂ ಅರ್ಥವಾಗಲಿಲ್ಲ. ಲಾಡನ್ನು ಕಣ್ಣಿಗೊತ್ತಿಕೊಂಡು ಸೆರಗಿಗೆ ಕಟ್ಟಿ ಒಳಗೆ ಹೋದಳು. ನಾವು ಹೆಂಗಸರು ಕಿಟಕಿಗೆ ಮುಗಿಬಿದ್ದೆವು. ಆಫೀಸರು ಸಾಹುಕಾರರ ಸೊಸೆಯ ಹೆಸರು ಓದಿದರು. ಸೂಚಿಸುವುದಕ್ಕೆ, ಅನುಮೋದಿಸುವುದಕ್ಕೆ ಬೋಳುತಲೆಗಳು ತಾ ಮುಂದು ನಾ ಮುಂದು ಎಂದು ಎದ್ದವು. ಅಕ್ಕ ನಿಂತುಕೊಂಡು, ನನ್ನ ಹೆಸರು ಓದಲಿಲ್ಲವಲ್ಲ ಅಂದಳು. ನಿಮ್ಮ ಹೆಸರು ಸೂಚಿಸುವವರು ಯಾರಮ್ಮ ಎಂದು ಆಫೀಸರು ಕೇಳಿದರು.

"ಊರು ಸ್ವಾಮಿ" ಅಂದಳು ಅಕ್ಕ.

ಆಫೀಸರು ಕೆಟ್ಟವರಲ್ಲ. ಕನ್ನಡಕ ತೆಗೆದು, ಊರು ಸೂಚಿಸುವ ಹಾಗಿಲ್ಲ, ಈ ಕೋಣೆಯೊಳಗಿರುವ ಸದಸ್ಯರೇ ಸೂಚಿಸಬೇಕು ಎಂದು ತಿಳಿಸಿ ಹೇಳಿದರು. ಅಕ್ಕ ಒಬ್ಬೊಬ್ಬರ ಮುಖವನ್ನೂ ನೋಡಿದಳು. ನಮ್ಮೂರಿನವನು ಟವೆಲ್ಲಿನ ಅಂಚು ಹುರಿ ಮಾಡುತ್ತಿದ್ದ. ಲಾಡು ಕೊಟ್ಟವಳು ಅಳುತ್ತಿದ್ದಳು. ಯಾರೂ ಏಳಲಿಲ್ಲ. ಸಾಹುಕಾರರ ಸೊಸೆ ಅವಿರೋಧವಾಗಿ ಆಯ್ಕೆಯಾದಳು. ಹೊರಗೆ ಪಟಾಕಿ ಹೊಡೆದರು.

ವಾಪಸು ಬರುವಾಗ ಟ್ರಾಕ್ಟರಿನಲ್ಲಿ ನಮ್ಮ ಬೀದಿಯ ಒಬ್ಬ ಮುದುಕಿ ತಡೆಯಲಾರದೆ ಕೇಳಿದಳು.

"ಅಂಗಾರೆ ನಾವ್ ಒತ್ತುದ್ದು ಯಾತಕ್ಕವ್ವಾ?"

ಹಾರವನ್ನು ಏನು ಮಾಡುವುದೆಂದು ತಿಳಿಯದೆ ನಾನು ಮಡಿಲಲ್ಲೇ ಇಟ್ಟುಕೊಂಡಿದ್ದೆ. ಮನೆಯಲ್ಲಿ ಕೊಟ್ಟಿಗೆಯ ಗೂಟಕ್ಕೆ ಸಿಕ್ಕಿಸಿದೆ. ಬೆಳಗಾಗುವುದರೊಳಗೆ ಹಸು ಅರ್ಧ ತಿಂದಿತ್ತು.

ಅಲ್ಲಿಂದ ಮುಂದೆ ನಮ್ಮ ಜಗಲಿಯಲ್ಲಿ ಅದೇ ಚರ್ಚೆ. ಕೆ.ಆರ್. ಪೇಟೆಯಿಂದ ಬಂದ ನೆಂಟರು ತಮ್ಮ ಕಡೆಯೂ ಹೀಗೇ ಆಯಿತು, ಅಲ್ಲಿ ಗೆದ್ದ ಸದಸ್ಯರನ್ನು ಮೈಸೂರಿನ ಲಾಡ್ಜಿನಲ್ಲಿ ಇಟ್ಟಿದ್ದರು ಅಂದರು. ಕಾನೂನು ಬದಲಾಯಿಸಬೇಕು, ಅಧ್ಯಕ್ಷರನ್ನೂ ಜನರೇ ನೇರವಾಗಿ ಆರಿಸಬೇಕು ಎಂದು ಭಾವ ಮೇಲಿನವರಿಗೆ ಅರ್ಜಿ ಬರೆಸಿದರು. ಇಡೀ ಊರು ಹೆಬ್ಬೆಟ್ಟು, ಸಹಿ ಹಾಕಿತು. ಅದಕ್ಕೆ ನಮ್ಮೆಜಮಾನರು, ಅಣ್ಣ ತಪ್ಪು ತಿಳಿಯಬೇಡ ಎನ್ನುತ್ತಲೇ ಒಂದು ಮಾತು ಹೇಳಿದರು.

"ಜನ್ವೇ ಆರ್ಸೋದಾದ್ರೆ ಸಾವ್ಕಾರ್ರು ವ್ಯಾನು ಕಳ್ಸಾಕಿಲ್ಲ ಕಣಣ್ಣ. ಊರ್ಗೇ ಬಸ್ ಕಳುಸ್ತಾರೆ."

ಎಲ್ಲರೂ ನಕ್ಕರು, ಭಾವನೂ ನಕ್ಕರು. ನನಗೆ ನಗು ಬರಲಿಲ್ಲ. ಬಸ್ಸಾದರೂ ಎಲ್ಲರೂ ಹತ್ತಬಹುದಲ್ಲ, ನಮ್ಮ ಮುದುಕಿಗೂ ಒಂದು ಸೀಟು ಸಿಗುತ್ತದಲ್ಲ ಎಂದು ಹೇಳಬೇಕೆನಿಸಿತು. ಬಾವಿಯ ಹತ್ತಿರ ಯಾರೋ ಅಭ್ಯಾಸಬಲದಿಂದ ಅದ್ಯಕ್ಸಮ್ಮ ಎಂದು ಕೂಗಿದರೆ ಅಕ್ಕ ತಿರುಗುತ್ತಿರಲಿಲ್ಲ. ಹಗ್ಗ ಎಳೆಯುವ ಕೈ ಮಾತ್ರ ಒಂದು ಗಳಿಗೆ ನಿಲ್ಲುತ್ತಿತ್ತು.

ತೊಂಬೆ ಕಟ್ಟಿದ್ದು ದೊಡ್ಡೂರಿನಲ್ಲಿ, ಸಾಹುಕಾರರ ಮನೆಯ ಎದುರಿಗೆ. ನಮ್ಮ ಅರ್ಜಿಗೆ ಉತ್ತರ ಬರಲಿಲ್ಲ.

ಅಧ್ಯಕ್ಷರ ಅವಧಿಯ ನಡುವೆ ಬೆಟ್ಟಕ್ಕೆ ಹೋಗಿದ್ದವರಲ್ಲೇ ಒಡಕು ಹುಟ್ಟಿತು, ಮತ್ತೆ ಆಯ್ಕೆ ನಡೆದರೂ ನಡೆಯಬಹುದು ಎಂಬ ಮಾತು ಬಂತು. ಅವತ್ತು ಸಂಜೆ ಅಕ್ಕ ಹಾಲು ಕರೆಯುತ್ತಿದ್ದಳು, ನಾನು ಕರು ಹಿಡಿದು ನಿಂತಿದ್ದೆ. ಆ ಕರು ಆಗಲೇ ನನ್ನನ್ನು ಎಳೆದಾಡುವಷ್ಟು ಬೆಳೆದಿತ್ತು. ಅಕ್ಕ ಹಸುವಿನ ಹೊಟ್ಟೆಗೆ ತಲೆಯಾನಿಸಿಕೊಂಡೇ ಹೇಳಿದಳು.

"ಇನ್ನೊಂದ್ ಕಿತ ವ್ಯಾನ್ ಬಂದ್ರೆ ಹಸ ನೀನ್ ನೋಡ್ಕೊಬೇಕು ಕಣವ್ವ. ನಾನ್ ಹತ್ಕೊಬುಡ್ತೀನಿ."

ಆಗಲಿ ಅಕ್ಕ ಅಂದೆ. ರಸ್ತೆಯಲ್ಲಿ ಏನೋ ಗಾಡಿಯ ಸದ್ದಾಯಿತು. ಇಬ್ಬರೂ ಕಿವಿಗೊಟ್ಟೆವು. ಕಬ್ಬಿನ ಲಾರಿ.