ಮನುಷ್ಯ ಬದಲಾಗಲ್ವಂತೆ

ಫ್ರೆಂಡ್ಸ್, ಈಗಷ್ಟೇ ಮನೆಗೆ ಬಂದು ಸಿಟ್ಟಲ್ಲೇ ಬರೀತಿದೀನಿ, ಟೈಪಿಂಗಲ್ಲಿ ತಪ್ಪಿದ್ರೆ ಹೊಟ್ಟೆಗೆ ಹಾಕ್ಕೊಳ್ಳಿ.

ಇವತ್ತು ಇಲ್ಲೇ ಅಮೆರಿಕದ ನೆವಾರ್ಕಿನಲ್ಲಿ ಗೆಳತಿ ಸುಮಾ ಮನೇಲಿ ಪೂಜೆ. ಊಟಕ್ಕೆ ಕೂತಾಗ ನನ್ನ ಹನ್ನೊಂದು ವರ್ಷದ ಮಗಳು ಸ್ಕೂಲಲ್ಲಿ ಕಲಿತದ್ದನ್ನ ಖುಷಿಯಿಂದ ಹೇಳಿದ್ಲು, ಮನುಷ್ಯರಿಗೂ ಚಿಂಪಾಂಜಿಗೂ ಪೂರ್ವಜರು ಒಬ್ಬರೇ ಅಂತ. ಸುಮಾಳ ಭಾವ, ದೊಡ್ಡ ಇಂಜಿನಿಯರು, ಜೋರಾಗಿ ನಕ್ಕರು.

"ನಿಮ್ಮ ತಾತ ಕೋತಿ ಇರಬಹುದು ಪುಟ್ಟಿ. ನಮ್ಮದು ಋಷಿಗಳ ವಂಶ."

ಕೂತವರೆಲ್ಲ ನಕ್ಕರು. ಮಗಳು ತಲೆ ತಗ್ಗಿಸಿ ಅಳೋಕೆ ಶುರು ಮಾಡಿದ್ಲು.

ನಾನು ಲ್ಯಾಬಲ್ಲಿ ವೈರಸ್ಸುಗಳ ಜೊತೆ ಕೆಲಸ ಮಾಡೋಳು. "ಔಷಧಿಗೆ ಬಗ್ಗದ ಹಾಗೆ ವೈರಸ್ಸುಗಳು ವಿಕಾಸ ಆಗೋದನ್ನ ಕಣ್ಣಾರೆ ನೋಡ್ತೀನಿ ಸರ್" ಅಂದೆ.

"ವೈರಸ್ ಬದಲಾಗತ್ತಮ್ಮ. ಮನುಷ್ಯ ಬದಲಾಗಲ್ಲ."

"ನಿಮ್ಮನ್ನ ನೋಡಿದ್ರೆ ಹೌದು ಅನ್ಸತ್ತೆ" ಅಂದುಬಿಟ್ಟೆ.

ಈ ಸಲ ಯಾರೂ ನಗಲಿಲ್ಲ. ಸುಮಾ ನನ್ನನ್ನ ಕಿಚನ್ನಿಗೆ ಎಳ್ಕೊಂಡು ಹೋಗಿ, "ದೊಡ್ಡೋರು ಕಣೇ. ದೇವರ ಕಾರ್ಯದ ದಿನ, ಸುಮ್ನೆ ಕ್ಷಮೆ ಕೇಳ್ಬಿಡು" ಅಂದ್ಲು.

ಕ್ಷಮೆ ಕೇಳಲಿಲ್ಲ. ಮಗಳ ಕೈ ಹಿಡ್ಕೊಂಡು ಹೊರಟೆ.

ಬಾಗಿಲ ಹತ್ರ ಯಾರೋ ಗೊಣಗಿದ್ರು, ಪೂಜೆ ನನ್ನಿಂದ ಕೆಟ್ಟಿತಂತೆ. ಮಗೂನ ಅಳಿಸಿದ ಮಹಾನುಭಾವರು ಮಾತ್ರ ಎರಡನೇ ಸಲ ಪಾಯಸ ಹಾಕಿಸ್ಕೊಳ್ತಿದ್ರು.